ಎಲ್ಲರ ತೋಟದಲ್ಲಿ ಚಂದ್ರಕ್ಕನ ಪಾತಿ

ಹೊಸದುರ್ಗದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ಹೋಗಿ ಚಂದ್ರಕ್ಕನ ಬೂತು ಎಲ್ಲಿ ಅಂದರೆ ಆಗ ಎಳೆಮಗುವೂ ಕೈತೋರಿಸುತ್ತಿತ್ತು. ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತ ಹಳದಿ ಬಣ್ಣದ ಎಸ್‌ಟಿಡಿ ಬೂತು. ತೊಂಬತ್ತರ ದಶಕದ ಆರಂಭದಲ್ಲಿ ಕಣ್ಣಿಲ್ಲದವರಿಗೆ, ಕಾಲಿಲ್ಲದವರಿಗೆ ಅಂಥ ಬೂತು ಮಂಜೂರು ಮಾಡುತ್ತಿದ್ದರು. ಕೊಟ್ಟವರು ದೊಡ್ಡ ಉಪಕಾರ ಮಾಡಿದೆವೆಂದು ಹಾರ ಹಾಕಿಸಿಕೊಂಡು ಹೋದರು. ಚಂದ್ರಕ್ಕ ಹಾರ ಹಾಕಿದಳು, ಕೈಮುಗಿದಳು, ಅವರು ಜೀಪು ಹತ್ತಿದ ಮೇಲೆ ಕುರ್ಚಿಯನ್ನು ತನಗೆ ಬೇಕಾದ ಕಡೆಗೆ ಎಳೆದುಕೊಂಡು ಕೂತಳು. ಅಲ್ಲಿಂದ ಹದಿನೈದು ವರ್ಷಕ್ಕೂ ಮೇಲೆ ಆ ಕುರ್ಚಿ ಅಲ್ಲಾಡಲಿಲ್ಲ.

ಚಿಕ್ಕವಳಿದ್ದಾಗ ದಡಾರ ಬಂದು ಅವಳ ಕಣ್ಣು ಹೋಗಿತ್ತು. ಕಣ್ಣು ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಎರಡೇ. ಒಂದು, ಜನ ಬಾಯಿ ತೆರೆದರೆ ಉದುರುವ ‘ಪಾಪ’ ಎಂಬ ಮಾತು. ಇನ್ನೊಂದು, ಕೇಳದೆ ಕೈ ಹಿಡಿದು ಎಳೆಯುವುದು. ರಸ್ತೆ ದಾಟುವ ಮನಸ್ಸೇ ಇಲ್ಲದೆ ಸುಮ್ಮನೆ ಗಾಳಿಗೆ ನಿಂತವಳನ್ನು ಯಾರೋ ಪುಣ್ಯವಂತರು ದರದರನೆ ಆ ಕಡೆಗೆ ದಾಟಿಸಿಬಿಡುತ್ತಿದ್ದರು. ಮತ್ತೆ ಈ ಕಡೆಗೆ ಬರಲು ಅವಳು ಇನ್ನೊಬ್ಬ ಪುಣ್ಯವಂತನಿಗೆ ಕಾಯಬೇಕಿತ್ತು. ಉಪಕಾರ ಮಾಡುವವರ ಕೈ ಬಲವಾಗಿರುತ್ತದೆ, ಬಿಡಿಸಿಕೊಳ್ಳಲು ಬರುವುದಿಲ್ಲ ಎಂದು ಅವಳು ಪಕ್ಕದ ಮನೆಯ ನಿಂಗಕ್ಕನ ಹತ್ತಿರ ಹೇಳುತ್ತಿದ್ದಳು. ಸೊಪ್ಪು ಮಾರುವ ನಿಂಗಕ್ಕ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ಚಂದ್ರಕ್ಕನಿಗೆ ಇದ್ದ ಒಂದೇ ಮನೆಮಂದಿಯೆಂದರೆ ಅವಳೇ.

ತೋಟ ಶುರುವಾದದ್ದು ಟ್ಯಾಂಕಿನ ದೆಸೆಯಿಂದ. ಟ್ಯಾಂಕು ತುಂಬಿದರೆ ನಿಲ್ಲಿಸುವವನು ಎಲ್ಲೋ ಬೀಡಿ ಸೇದುತ್ತಿರುತ್ತಿದ್ದ. ನೀರು ಜಲಜಲ ಅಂತ ಹಿಂದಿನ ಜಾಲಿಗಿಡದ ಬಯಲಿಗೆ ಚೆಲ್ಲಿಹೋಗುತ್ತಿತ್ತು. ಊರೇ ನೀರಿಗೆ ಬಾಯಿಬಿಡುವ ಸೀಮೆಯಲ್ಲಿ ಆ ಸದ್ದು ಕೇಳುತ್ತ ಕೂರುವುದು ಚಂದ್ರಕ್ಕನಿಗೆ ಆಗದ ಮಾತು. ಮಗಳಿಗೆ ಫೋನು ಮಾಡಲು ಬರುತ್ತಿದ್ದ ಮರುಳಸಿದ್ದಪ್ಪ ಮೇಷ್ಟ್ರ ಕಿವಿಗೆ ಅವಳು ಈ ಸಂಗತಿ ಹಾಕಿದಳು. ನಿವೃತ್ತರಾಗಿ ಮನೆಯಲ್ಲಿ ಹೊತ್ತು ಹೋಗದೆ ಕೂತಿದ್ದ ಮೇಷ್ಟ್ರಿಗೆ ಅದು ಹಿಡಿಸಿತು. ಓಡಾಡಿ, ಪಂಚಾಯಿತಿಯವರನ್ನು ಒಪ್ಪಿಸಿ, ಜಾಲಿ ಕಡಿಸಿ, ಬಯಲನ್ನು ಪಾತಿ ಪಾತಿಯಾಗಿ ಹಂಚಿದರು. ಬೇಕಾದವರಿಗೆಲ್ಲ ಒಂದೊಂದು ಪಾತಿ, ಬೆಳೆದದ್ದು ಬೆಳೆದವರಿಗೆ, ನೀರು ಸರದಿಯ ಮೇಲೆ. ‘ಎಲ್ಲರ ತೋಟ’ ಎಂಬ ಹೆಸರು ಚಂದ್ರಕ್ಕನೇ ಇಟ್ಟದ್ದು. ಮೇಷ್ಟ್ರು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ.

ಬೂತಿನ ಹಿಂಗೋಡೆಯ ಮೊಳೆಯಿಂದ ಅವಳ ಪಾತಿಯವರೆಗೆ ನಿಂಗಕ್ಕ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿಕೊಟ್ಟಳು. ಅದರ ಮೇಲೆ ಅಂಗೈ ಜಾರಿಸಿಕೊಂಡು ಚಂದ್ರಕ್ಕ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಪಾತಿಯ ನಾಲ್ಕು ಮೂಲೆಗೂ ಮಜ್ಜಿಗೆಹುಲ್ಲು ನೆಟ್ಟಿದ್ದಳು. ಸೀರೆ ತಾಗಿದರೆ ನಿಂಬೆಯ ವಾಸನೆ ಏಳುತ್ತಿತ್ತು, ಇಲ್ಲಿಗೆ ನನ್ನದು ಮುಗಿಯಿತು ಅಂತ ಗೊತ್ತಾಗುತ್ತಿತ್ತು. ನಡುವೆ ಬದನೆ, ಮೆಣಸಿನಕಾಯಿ, ಒಂದು ಚಪ್ಪರ ಹೀರೆ. ಲೋಕದಲ್ಲಿ ಅವಳ ಕೈಯನ್ನು ಯಾರೂ ಹಿಡಿಯದ ಜಾಗ ಅದೊಂದೇ. ಅಲ್ಲಿ ಅವಳು ಕೂತರೆ ಮಣ್ಣು, ಎದ್ದರೆ ಗಿಡ, ಪಾಪ ಅನ್ನುವ ಬಾಯಿ ಹತ್ತಿರ ಸುಳಿಯುತ್ತಿರಲಿಲ್ಲ. ಬದನೆಕಾಯಿ ಕಿತ್ತು ನಾಲ್ಕು ಮನೆಗೆ ಹಂಚುವಾಗ ಅವಳ ಮುಖ ನೋಡಬೇಕಿತ್ತು. ಕೊಡುವ ಕೈಯಾಗುವುದು ಅವಳಿಗೆ ಅಷ್ಟು ಇಷ್ಟ.

ತೋಟದ ಸುದ್ದಿಯೆಲ್ಲ ಅವಳ ಬಾಯಲ್ಲೇ. ಫೋನಿದ್ದವರಿಗೆ ಫೋನು ಮಾಡುವಳು, ಇಲ್ಲದವರನ್ನು ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿದು ಕೂಗಿ ನಿಲ್ಲಿಸಿ ಹೇಳುವಳು. ನಾಳೆ ನೀರು ಯಾರದು, ಬೀಜ ಯಾವಾಗ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮಂದೆ ಯಾವತ್ತು. ಶಿವರಾತ್ರಿ ಕಳೆದ ಮೇಲೆ ಯಲ್ಲದಕೆರೆ ಕಡೆಯ ಜುಂಜಯ್ಯ ಕುರಿ ಹೊಡೆದುಕೊಂಡು ಬರುತ್ತಿದ್ದ. ಒಂದು ರಾತ್ರಿ ಕುರಿಮಂದೆಯನ್ನು ತೋಟದಲ್ಲಿ ತರುಬಿದರೆ ವರ್ಷಕ್ಕಾಗುವಷ್ಟು ಗೊಬ್ಬರ. ಕುರಿಗೆ ಬದನೆ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ. ಅದಕ್ಕೇ ಮಂದೆಗೆ ಮುಂಚೆ ಎಲ್ಲರೂ ಪಾತಿ ಬರಿದು ಮಾಡಿ, ಕೀಳಲಾಗದ ಗಿಡಕ್ಕೆ ಮುಳ್ಳು ಸುತ್ತಬೇಕು. ಜುಂಜಯ್ಯ ಬರುವ ದಿನ ಇಂಥದೇ ಅಂತಿಲ್ಲ, ಮೇವು ನೋಡಿಕೊಂಡು ಬರುವವನು. ಹಿರಿಯೂರು ಕಡೆಯಿಂದ ಹೊರಟ ಕೂಡಲೇ ದಾರಿಯಲ್ಲಿ ಸಿಕ್ಕ ಬೂತಿನಿಂದ ಚಂದ್ರಕ್ಕನ ಬೂತಿಗೆ ಫೋನು ಮಾಡಿಸುತ್ತಿದ್ದ. ಅಷ್ಟು ವರ್ಷದಲ್ಲಿ ನಮಗೆ ಗೊತ್ತಾಗಲಿಲ್ಲ ಎಂದು ಒಬ್ಬರೂ ಅಂದದ್ದಿಲ್ಲ. ಓದಲು ಬರುವವರೂ ಬರದವರೂ ಅವಳ ಮಾತಿಗೆ ಒಂದೇ.

ಆಮೇಲೆ ಮೊಬೈಲು ಬಂತು. ಬೂತಿಗೆ ಬರುವವರು ಕಡಿಮೆಯಾಗಿ, ಕೊನೆಗೆ ಚಿಲ್ಲರೆ ಕೇಳುವವರಷ್ಟೇ ಉಳಿದರು. ಮೊಬೈಲಿನ ಹಿಂದೆಯೇ ವೆಬ್‌ಸೈಟು ಬಂತು. ಎರಡು ಸಾವಿರದ ಏಳರಲ್ಲಿ ಮರುಳಸಿದ್ದಪ್ಪ ಮೇಷ್ಟ್ರ ತಂಗಿಯ ಮಗ ಕಿರಣ್‌ಕುಮಾರ್ ಕಂಪ್ಯೂಟರ್ ಸೆಂಟರ್ ತೆಗೆದ. ನಮ್ಮ ತೋಟಕ್ಕೂ ಒಂದು ವೆಬ್‌ಸೈಟು ಆಗಲಿ, ಲೋಕಕ್ಕೆ ಗೊತ್ತಾಗಲಿ ಅಂತ ಮೇಷ್ಟ್ರಿಗೆ ಆಸೆ ಹುಟ್ಟಿತು. ಸಭೆ ಕರೆದು, ಇನ್ನು ಮೇಲೆ ಎಲ್ಲ ಸುದ್ದಿಯೂ ಅದರಲ್ಲೇ ಬರುತ್ತದೆ ಎಂದು ಸಾರಿದರು. ಇಷ್ಟು ವರ್ಷ ಚಂದ್ರಮ್ಮ ಪಾಪ ಬಾಯಿ ನೋಯಿಸಿಕೊಂಡಳು, ಇನ್ನಾದರೂ ಆಕೆಗೆ ವಿಶ್ರಾಂತಿ ಸಿಗಲಿ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಬಾಯಿ ನೋಯುತ್ತದೆ ಅಂತ ಚಂದ್ರಕ್ಕ ಯಾರಿಗೂ ಹೇಳಿರಲಿಲ್ಲ.

ಕಿರಣ್‌ಕುಮಾರನ ಸೆಂಟರಿನ ಅಸಲು ದಂಧೆ ಲಗ್ನಪತ್ರಿಕೆ. ಕಂಪ್ಯೂಟರಿನಲ್ಲಿ ಕನ್ನಡ ಅಂದರೆ ಆ ಕಾಲಕ್ಕೆ ದೊಡ್ಡ ಗೋಳು. ಇಲ್ಲಿ ಬರೆದ ಅಕ್ಷರ ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದರೆ ಹುಳ ಹರಿದಂತೆ ಕಾಣುತ್ತಿತ್ತು. ಹುಡುಗ ಅದಕ್ಕೊಂದು ಉಪಾಯ ಕಂಡುಕೊಂಡ. ಪ್ರತಿ ಪುಟವನ್ನೂ ಲಗ್ನಪತ್ರಿಕೆಯ ಹಾಗೆ ಬಳ್ಳಿಯ ಅಂಚು, ಮೂಲೆಗೊಂದು ಕಳಶ ಹಾಕಿ ಅಚ್ಚು ತೆಗೆದು, ಆ ಹಾಳೆಯ ಫೋಟೋವನ್ನೇ ವೆಬ್‌ಸೈಟಿಗೆ ಏರಿಸಿದ. ಯಾವ ದೇಶದಲ್ಲಿ ತೆಗೆದರೂ ಒಂದಕ್ಷರ ಅಲ್ಲಾಡುವುದಿಲ್ಲ ಎಂದು ಬೀಗಿದ. ನೀರಿನ ಸರದಿಯೂ ಕಳಶದ ಕೆಳಗೆ, ಬೀಜದ ಸುದ್ದಿಯೂ ಕಳಶದ ಕೆಳಗೆ. ತಲೆಯ ಮೇಲೆ ದೊಡ್ಡದಾಗಿ ‘ಎಲ್ಲರ ತೋಟ, ಎಲ್ಲರಿಗೂ’ ಎಂದಿತ್ತಂತೆ.

ಮರುವರ್ಷ ಶಿವರಾತ್ರಿ ಕಳೆದಿತ್ತು. ಒಂದು ಸಂಜೆ ಬೂತಿನ ಮುಂದೆ ಗೊರಸಿನ ಸದ್ದು, ಕುರಿಗಂಟೆ, ಆ ಪರಿಚಯದ ಉಣ್ಣೆಯ ವಾಸನೆ. ಚಂದ್ರಕ್ಕ ಎದ್ದು ನಿಂತು, ಜುಂಜಯ್ಯ, ಯಾವ ಕಡೆಗೆ ಹೊರಟೆ ಅಂತ ಕೇಳಿದಳು.

“ನಿಮ್ಮ ತ್ವಾಟಕ್ಕೇ ಕಣವ್ವ, ಇನ್ನೆಲ್ಲಿಗೆ? ಮೇಷ್ಟ್ರ ಮೊಬೈಲಿಗೆ ಫೋನ್ ಮಾಡ್ಸಿದ್ನಲ್ಲ. ಎಲ್ಲಾರ್ಗೂ ತಿಳ್ಸೈತೆ, ಬಾ ಅಂದ್ರು.”

ಅವಳು ಹಗ್ಗ ಹಿಡಿದು ಓಡಿದಳು. ಓಡಿ ಏನು ಮಾಡುವುದು? ಮುಂದಿನ ಕುರಿ ಆಗಲೇ ಒಳಗಿತ್ತು. ಹೀರೆಚಪ್ಪರ ಮುರಿದು ಬೀಳುವ ಸದ್ದು ಕೇಳಿಸಿತು. ಜುಂಜಯ್ಯ ಬೊಬ್ಬೆ ಹೊಡೆದು ತಿರುಗಿಸುವ ಹೊತ್ತಿಗೆ ಬದನೆಗಿಡಗಳು ಕೈಗೆ ಬರೀ ಕಡ್ಡಿಯಾಗಿ ಸಿಕ್ಕಿದವು. ಪಕ್ಕದಲ್ಲಿ ನಿಂಗಕ್ಕನ ಸೊಪ್ಪಿನ ಪಾತಿಯೂ ಹೋಯಿತು. ಓದು ಬಲ್ಲವರು, ಮನೆಯಲ್ಲಿ ಕಂಪ್ಯೂಟರ್ ಇದ್ದವರು, ಮೊದಲೇ ಕಾಯಿ ಕಿತ್ತು ಮುಳ್ಳು ಸುತ್ತಿದ್ದರು. ಮೇಷ್ಟ್ರು ಮಾರನೆಯ ದಿನ ಬಂದು ತುಂಬ ಹಳಹಳಿಸಿದರು. ವೆಬ್‌ಸೈಟಿನಲ್ಲಿ ಹಾಕಿತ್ತಲ್ಲಮ್ಮ, ಯಾರ ಹತ್ತಿರವಾದರೂ ಓದಿಸಿಕೊಳ್ಳಬಾರದಿತ್ತೇ ಅಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅಂತ ನಿಂಗಕ್ಕ ಗೊಣಗಿದಳು. ಊರಿಗೆಲ್ಲ ಹೇಳುತ್ತಿದ್ದವಳು ಇನ್ನು ಮೇಲೆ ಊರಲ್ಲಿ ಒಬ್ಬೊಬ್ಬರನ್ನೂ ಕೇಳಿಕೊಂಡು ತಿರುಗಬೇಕು ಎಂಬ ಮಾತು ಚಂದ್ರಕ್ಕನ ಎದೆಯೊಳಗೆ ಕೆಂಡದ ಹಾಗೆ ಕೂತಿತು.

ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಚಿತ್ರದುರ್ಗದಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುತ್ತಾರೆ, ತೆರೆಯ ಮೇಲಿನ ಅಕ್ಷರವನ್ನು ಕಂಪ್ಯೂಟರೇ ಓದಿ ಹೇಳುತ್ತದೆ ಎಂದು ಯಾರೋ ಹೇಳಿದ್ದರು. ನಲವತ್ತರ ಹೊಸ್ತಿಲಲ್ಲಿ ಬಸ್ಸು ಹತ್ತಿದಳು. ಹೊಳಲ್ಕೆರೆ ದಾಟುವಾಗ ಪಕ್ಕದ ಸೀಟಿನವಳು ಎಲ್ಲಿಗಮ್ಮ ಪಾಪ ಒಬ್ಬಳೇ ಅಂದಳು. ಇಸ್ಕೂಲಿಗೆ ಅಂದಳು ಚಂದ್ರಕ್ಕ. ನೆಗಡಿಯಾದ ಮೇಷ್ಟ್ರ ಹಾಗೆ ಮೂಗಿನಲ್ಲಿ ಓದುವ ಆ ಯಂತ್ರದ ದನಿ ಮೊದಲ ಸಲ ಕನ್ನಡದ ಒಂದು ಸಾಲು ಓದಿದಾಗ ಅವಳಿಗೆ ಅಳು ಬಂತು. ಯಾರ ಕೈಯೂ ಹಿಡಿಯದೆ ಓದಿದ ಮೊದಲ ಸಾಲು ಅದು.

ಓದಿ ಹೇಳುವ ಆ ಯಂತ್ರದ ಸಿಡಿ ತಂದು ಕಿರಣ್‌ಕುಮಾರನ ಸೆಂಟರಿನಲ್ಲಿ ಹಾಕಿಸಿ, ತೋಟದ ವೆಬ್‌ಸೈಟು ತೆಗೆಸಿದಳು. ಯಂತ್ರ “ಗ್ರಾಫಿಕ್” ಅಂತು. ಕೆಳಗೆ ಹೋದಳು, ಮತ್ತೆ “ಗ್ರಾಫಿಕ್”. ಮೇಲೆ ಹೋದರೂ ಅದೇ, ಕೆಳಗೆ ಹೋದರೂ ಅದೇ. ಅಲ್ಲಿ ಅಕ್ಷರವೇ ಇಲ್ಲ, ಬರೀ ಫೋಟೋ. ಫೋಟೋದೊಳಗಿನ ಮಾತು ಓದಲು ಕಣ್ಣೇ ಬೇಕು. ಅವಳು ಹುಡುಗನಿಗೆ ಬಿಡಿಸಿ ಹೇಳಿದಳು. ಈಗ ಎಲ್ಲ ಕಂಪ್ಯೂಟರಿನಲ್ಲೂ ಕೆಡದ ಕನ್ನಡ ಬಂದಿದೆಯಂತೆ, ಅದರಲ್ಲಿ ಬರೆದರೆ ನನ್ನ ಯಂತ್ರ ಓದುತ್ತದೆ. ಪೂರ್ತಿ ಬೇಡ, ನೀರಿನ ಸರದಿ ಮತ್ತು ಮಂದೆಯ ದಿನ, ಇವೆರಡನ್ನು ಮಾತ್ರ ಹಾಗೆ ಬರೆದುಬಿಡು ಅಂದಳು. ಹುಡುಗ ಕೆಟ್ಟವನಲ್ಲ, ಆಯ್ತಕ್ಕ ಅಂದ. ಮಾತು ಮೇಷ್ಟ್ರ ಮುಂದಾಳುತನದ ತೋಟದ ಕಮಿಟಿಗೆ ಹೋಯಿತು. ಬರೀ ಅಕ್ಷರ ಇಟ್ಟರೆ ಪುಟ ಬೋಳಾಗಿ ಕಾಣುತ್ತದೆ ಅಂತ ಕಮಿಟಿಗೆ ಅನ್ನಿಸಿತು. ಕೊನೆಗೆ ಮೇಷ್ಟ್ರೇ ದಾರಿ ಕಂಡುಹಿಡಿದರು. ಚಂದ್ರಮ್ಮನಿಗೆ ಕೇಳಿಸುವ ಹಾಗೆ ಆಗಬೇಕು, ಅಷ್ಟೇ ತಾನೆ?

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ವೆಬ್‌ಸೈಟು ತೆಗೆದ ಕೂಡಲೇ ಶಹನಾಯಿ ಮೊಳಗಿ, ಅದರ ಹಿಂದೆ ಮರುಳಸಿದ್ದಪ್ಪ ಮೇಷ್ಟ್ರ ಸ್ವಾಗತ ಭಾಷಣ ಶುರುವಾಗುವಂತೆ ಮಾಡಿದರು. ಪ್ರಕೃತಿಯ ಮಹತ್ವ, ಪೂರ್ವಜರ ದೂರದೃಷ್ಟಿ, ಅಂಧರಿಗೂ ಅಂಗವಿಕಲರಿಗೂ ನಮ್ಮ ತೋಟದಲ್ಲಿ ಇರುವ ಆದರ, ಎಲ್ಲ ಇತ್ತು. ನೀರಿನ ಸರದಿ ಇರಲಿಲ್ಲ. ಭಾಷಣವನ್ನು ನಿಲ್ಲಿಸುವ ಗುಂಡಿಯೂ ಫೋಟೋ ಆದ್ದರಿಂದ ಅವಳಿಗೆ ಸಿಗಲಿಲ್ಲ. ಅದರ ಗದ್ದಲದಲ್ಲಿ ಅವಳ ಯಂತ್ರದ ದನಿ ಮುಳುಗಿಹೋಗುತ್ತಿತ್ತು.

ಅವಳು ನಕ್ಕುಬಿಟ್ಟಳು. ನಕ್ಕು, ಇವರನ್ನು ನೆಚ್ಚಿ ಕೂತರೆ ಆಗುವುದಿಲ್ಲ, ನಾನೇ ಕನ್ನಡ ಟೈಪ್ ಮಾಡುವುದು ಕಲಿತು ಬರುತ್ತೇನೆ, ತೋಟದ ಸುದ್ದಿಯನ್ನೆಲ್ಲ ನಾನೇ ಬರೆದು ಕೊಡುತ್ತೇನೆ, ನೀವು ಏರಿಸಿದರೆ ಸಾಕು ಎಂದು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಬೆನ್ನು ತಟ್ಟಿ ಹೋಗಿ ಬಾ ಅಂದರು. ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಚಿತ್ರದುರ್ಗಕ್ಕೆ ಹೋಗಿ, ಅಲ್ಲೇ ಹಾಸ್ಟೆಲಿನಲ್ಲಿ ಉಳಿದು ಕಲಿತಳು. ಪಾತಿಯನ್ನು ಮತ್ತೆ ಕಟ್ಟಿ, ಹೊಸ ಬದನೆಸಸಿ ನೆಟ್ಟು, ನೀರು ನೋಡಿಕೊಳ್ಳಲು ನಿಂಗಕ್ಕನಿಗೆ ಒಪ್ಪಿಸಿ ಹೋಗಿದ್ದಳು. ಫೋನಿನಲ್ಲಿ ಮಾತಾಡಿದಾಗಲೆಲ್ಲ ಬದನೆ ಹೂವಿಗೆ ಬಂತಾ ಅಂತ ಕೇಳುತ್ತಿದ್ದಳು. ನಿಂಗಕ್ಕ ಮೊದಮೊದಲು ಬಂತು ಅನ್ನುತ್ತಿದ್ದಳು. ಆಮೇಲಾಮೇಲೆ, ನೀನು ಬಾರವ್ವ, ಬಂದ ಮೇಲೆ ನೋಡುವಿಯಂತೆ ಅಂತ ಮಾತು ತೇಲಿಸಿ ನಗುತ್ತಿದ್ದಳು. ಅದರಲ್ಲಿ ಏನೋ ಖುಷಿಯ ಗುಟ್ಟು ಇದ್ದಂತೆ ಚಂದ್ರಕ್ಕನಿಗೆ ಕೇಳಿಸುತ್ತಿತ್ತು.

ಅವಳು ಬಸ್ಸಿಳಿದ ಬೆಳಿಗ್ಗೆ ಸ್ಟ್ಯಾಂಡಿನಲ್ಲೇ ಕಮಿಟಿಯವರು ಕಾದಿದ್ದರು. ಯಾರೋ ಕೈ ಹಿಡಿದುಕೊಂಡರು. ಚಿತ್ರದುರ್ಗದಿಂದ ಅತಿಥಿಗಳು ಬಂದಿದ್ದಾರೆ, ಟೇಪು ನೀನೇ ಕತ್ತರಿಸಬೇಕು ಅಂದರು. ಯಾತರ ಟೇಪು ಎಂದು ಕೇಳುವುದರೊಳಗೆ ಶಾಮಿಯಾನದ ನೆರಳು ತಲೆಯ ಮೇಲೆ ಬಂತು. ಬೂತಿನ ಹಿಂದಿನ ಮೊಳೆಗಾಗಿ ಅವಳು ಕೈ ಚಾಚಿದಳು. ಹಗ್ಗ ಇರಲಿಲ್ಲ. ತಣ್ಣಗಿನ ಸ್ಟೀಲಿನ ಕಂಬಿ ಕೈಗೆ ತಾಗಿತು. ಹಳೇ ಹಗ್ಗ ತೆಗೆಸಿದೆವಮ್ಮ, ಬಿದ್ದು ಗಿದ್ದೀಯ ಅಂತ ಕಂಬಿ ಹಾಕಿಸಿದ್ದೇವೆ ಎಂದರು ಮೇಷ್ಟ್ರು. ಕಾಲ ಕೆಳಗೆ ಮಣ್ಣಿರಲಿಲ್ಲ, ಸಿಮೆಂಟು. ಕಂಬಿ ಮುಗಿದಲ್ಲಿ ದವನದ, ಮರುಗದ ವಾಸನೆ ಗಮ್ ಅಂತ ಬಂತು. ಅವಳು ಸೀರೆಯ ಸೆರಗನ್ನು ಈ ಕಡೆ, ಆ ಕಡೆ ಬೀಸಿ ನೋಡಿದಳು. ನಿಂಬೆಯ ವಾಸನೆ ಎಲ್ಲೂ ಏಳಲಿಲ್ಲ.

“ಇದು ಯಾರ ಪಾತಿ?” ಎಂದಳು.

“ನಿಂದೇ ಕಣಮ್ಮ,” ಎಂದರು ಮೇಷ್ಟ್ರು. ದನಿಯಲ್ಲಿ ಸಂತೋಷ ತುಂಬಿತ್ತು. “ಈಗ ಅಂಧರ ಸುಗಂಧವನ ಮಾಡಿದೀವಿ. ನಿನ್ನಂಥೋರು ಯಾರು ಬಂದ್ರೂ ವಾಸನೆ ತಗಂಡು ಆನಂದ ಪಡ್ಬೋದು. ಆಕ್ಷೇಪ ಇದ್ರೆ ತಿಳಿಸ್ರಿ ಅಂತ ವೆಬ್‌ಸೈಟಲ್ಲಿ ಹಾಕಿದ್ವಿ, ಒಬ್ರೂ ಬ್ಯಾಡ ಅನ್ಲಿಲ್ಲ.”

ತೋಟದಲ್ಲಿ ಅವಳಂಥವರು ಅವಳೊಬ್ಬಳೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಇಲ್ಲಿ ಆ ಹಿಟ್ಟನ್ನು ಕಿತ್ತುಕೊಂಡೇ ಮಲ್ಲಿಗೆ ಮುಡಿಸಿದ್ದರು. ನಿಂಗಕ್ಕ ಪಕ್ಕದಲ್ಲೇ ಇದ್ದಳು. ನಿನಗೋಸ್ಕರ ಅಂದರಲ್ಲವ್ವ, ನೀ ಬಂದ ಮೇಲೆ ಗೊತ್ತಾಗಲಿ ಅಂದರು, ನಾನು ನಂಬಿದೆ ಅಂತ ಪಿಸುಗುಟ್ಟಿದಳು. ಅವಳನ್ನು ಬೈಯಲು ಚಂದ್ರಕ್ಕನಿಗೆ ಆಗಲಿಲ್ಲ.

ಕತ್ತರಿ ಕೈಗೆ ಬಂತು, ಮೈಕು ಬಾಯಿಯ ಮುಂದೆ ಬಂತು. ಎರಡು ಮಾತಾಡಮ್ಮ ಅಂದರು. ಅವಳು ಟೇಪು ಮುಟ್ಟಲಿಲ್ಲ.

“ಇಲ್ಲಿ ಬದನೆ ಇತ್ತು,” ಎಂದಳು. ಜನ ಚಪ್ಪಾಳೆ ಹೊಡೆದರು. “ನಂಗೆ ಮೂಸಿ ನೋಡಕ್ಕೆ ತ್ವಾಟ ಬ್ಯಾಡ. ಬೆಳಿಯಾಕೆ ಬೇಕು. ನನ್ನ ಪಾತಿ ನಂಗೆ ವಾಪಸ್ ಕೊಡ್ರಿ.”

ಮೈಕು ಕುಂಯ್ ಎಂದು ನಿಂತಿತು. ಭಾವುಕಳಾಗಿದ್ದಾಳೆ, ಪಾಪ ಅಂತ ಯಾರೋ ಅಂದರು. ಶಹನಾಯಿ ಹಾಕಿದರು. ಒಂದು ಬಲವಾದ ಕೈ ಬಂದು ಕತ್ತರಿ ಹಿಡಿದಿದ್ದ ಅವಳ ಬೆರಳುಗಳನ್ನು ಮಡಿಸಿ ಒತ್ತಿತು. ಟೇಪು ಕತ್ತರಿಸಿದ ಸದ್ದು ಅವಳಿಗೂ ಕೇಳಿಸಿತು. ಕ್ಯಾಮೆರಾ ಕ್ಲಿಕ್ಕೆಂದಿತು.

ಸುಗಂಧವನಕ್ಕೆ ಮೇಕೆ ನುಗ್ಗದಿರಲಿ ಎಂದು ಗೇಟಿಗೆ ಬೀಗ ಹಾಕಿದರು. ಬೀಗದಕೈ ಮೇಷ್ಟ್ರ ಮನೆಯಲ್ಲಿ. ಬೇಕಾದಾಗ ಬಂದು ಕೇಳಮ್ಮ, ಯಾರನ್ನಾದರೂ ಜೊತೆಗೆ ಕಳಿಸುತ್ತೇನೆ ಎಂದರು ಅವರು. ಅವಳು ಕೇಳಲು ಹೋಗಲಿಲ್ಲ. ಬದಲಿಗೆ ಬೇರೆ ಪಾತಿ ಕೇಳಿದ್ದಕ್ಕೆ, ಒಬ್ಬರಿಗೆ ಎರಡು ಕೊಟ್ಟರೆ ಉಳಿದವರು ಏನಂದಾರು ಎಂಬ ಉತ್ತರ ಬಂತು. ಅವಳು ಕಲಿತು ಬಂದ ಟೈಪಿಂಗಿನ ಮಾತನ್ನು ಯಾರೂ ಎತ್ತಲಿಲ್ಲ. ಸ್ವಂತದವರು ಯಾರೂ ಇಲ್ಲದ ದವನ ಬೇಸಿಗೆಯ ಹೊತ್ತಿಗೆ ಒಣಗಿ ಕಡ್ಡಿಯಾಯಿತು. ಅಷ್ಟರಲ್ಲಿ ಬೂತನ್ನೂ ಎತ್ತಿಸಿದರು. ಚಂದ್ರಕ್ಕ ಈಗ ಬೇರೆಯವರ ಹೊಲದಿಂದ ಬಂದ ಸೊಪ್ಪನ್ನು ನಿಂಗಕ್ಕನ ಜೊತೆ ಕೂತು ಕಟ್ಟು ಕಟ್ಟುತ್ತಾಳೆ. ಬದನೆಕಾಯಿಯನ್ನು ಸಂತೆಯಲ್ಲಿ ಕೊಂಡು ತರುತ್ತಾರೆ.

ತನ್ನ ಫೋಟೋ ವೆಬ್‌ಸೈಟಿನಲ್ಲಿದೆ ಎಂದು ಅವಳಿಗೆ ಯಾರೋ ಹೇಳಿದರು. ಬಾಯಿ ತೆರೆದದ್ದು ನಗುವಿನ ಹಾಗೆ ಕಾಣುತ್ತದಂತೆ. ಕೆಳಗೆ, ‘ಎಲ್ಲರ ತೋಟ ಎಲ್ಲರಿಗೂ ಎನ್ನುತ್ತಿರುವ ಚಂದ್ರಮ್ಮ’ ಎಂದು ಬರೆದಿದೆಯಂತೆ. ಅವಳು ಕಿರಣ್‌ಕುಮಾರನ ಸೆಂಟರಿಗೆ ಹೋಗಿ, ನನ್ನ ಹೆಸರು ತೆಗೆದುಬಿಡಪ್ಪ, ಫೋಟೋ ಬೇಕಾದರೆ ಇರಲಿ ಅಂದಳು.

“ಅದು ಪೂರ್ತಿ ಒಂದೇ ಚಿತ್ರ ಕಣಕ್ಕ,” ಎಂದ ಹುಡುಗ. “ಅದ್ರಾಗೆ ಒಂದಕ್ಷರ ತೆಗಿಯಾಕೆ ಬರಲ್ಲ.”

ಹಾಗಾದರೆ ಒಂದು ಸಲ ವೆಬ್‌ಸೈಟು ತೆಗೆದು ಇಡು, ನಾನು ಕೇಳುತ್ತೇನೆ ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು. ಶಹನಾಯಿ ಬಂತು, ಭಾಷಣ ಬಂತು. ಎಲ್ಲರಿಗೂ ಆದರದ ಸುಸ್ವಾಗತ ಎನ್ನುತ್ತಿದ್ದರು ಮೇಷ್ಟ್ರು. ಅದು ಮುಗಿಯುವವರೆಗೂ ಕೈ ಕಟ್ಟಿಕೊಂಡು ಕಾದಳು. ಸದ್ದಡಗಿದ ಮೇಲೆ ತನ್ನ ಫೋಟೋ ಇದ್ದ ಕಡೆಗೆ ಕೀಲಿ ಒತ್ತಿಕೊಂಡು ಬಂದಳು.

“ಗ್ರಾಫಿಕ್,” ಎಂದಿತು ಯಂತ್ರ.